ಗಾಳಿ ಮೈಲಾರಿಯ ನಾಲ್ಕನೇ ಪ್ಯಾಕಿಂಗು

ಮೈಲಾರಲಿಂಗ ಕೂತು ಉಂಡದ್ದನ್ನು ಶಿಗ್ಗಾಂವಿಯಲ್ಲಿ ಯಾರಾದರೂ ಕಂಡಿದ್ದರೆ ಬಂದು ಹೇಳಲಿ, ಅಂಥವರಿಗೆ ನನ್ನ ಖರ್ಚಿನಲ್ಲಿ ಮಿರ್ಚಿ, ಚಹಾ. ರೊಟ್ಟಿಯ ಮೇಲೆ ಪಲ್ಯ ಹಾಕಿ ಸುರುಳಿ ಸುತ್ತಿ, ಎಡಗೈಯಲ್ಲಿ ಹಿಡಿದುಕೊಂಡು, ಬಲಗೈಯಲ್ಲಿ ನಟ್ಟು ಬಿಚ್ಚುವುದು ಅವನ ಊಟದ ಪದ್ಧತಿ. ಹೆಂಡತಿ ನಾಗವ್ವ ಮದುವೆಯಾದ ಹೊಸದರಲ್ಲಿ ತಾಟು ಹಚ್ಚಿ ಕಾಯುತ್ತಿದ್ದಳಂತೆ. ಆಮೇಲೆ ಬುದ್ಧಿ ಕಲಿತು, ರೊಟ್ಟಿ ಸುತ್ತಿ ಕೈಗೇ ಕೊಡುವ ರೂಢಿ ಮಾಡಿಕೊಂಡಳು. ವಯಸ್ಸು ಐವತ್ತೆರಡು, ತಲೆ ಅರ್ಧ ನರೆತಿದೆ, ಆದರೂ ನಿಂತಲ್ಲಿ ನಿಲ್ಲುವವನಲ್ಲ, ಕೂತಲ್ಲಿ ಕೂಡುವವನಲ್ಲ. ಮಂದಿ ಸುಮ್ಮನೆ ಗಾಳಿ ಮೈಲಾರಿ ಅಂತ ಹೆಸರಿಟ್ಟಿಲ್ಲ.

ಅವನ ಕಿವಿಯದ್ದೇ ಒಂದು ಕಥೆ. ಎಂಜಿನ್ನಿನಲ್ಲಿ ಉರಿದ ಹೊಗೆ ಹೊರಬೀಳುವ ಮೊದಲ ಬಾಗಿಲಲ್ಲೇ ಒಂದು ಬೀಡು ಕಬ್ಬಿಣದ ಕೊಳವೆ ಇರುತ್ತದೆ, ಅದಕ್ಕೆ ಮ್ಯಾನಿಫೋಲ್ಡ್ ಅನ್ನುತ್ತಾರೆ. ಅದಕ್ಕೂ ಎಂಜಿನ್ನಿಗೂ ನಡುವೆ ತೆಳುವಾದ ಒಂದು ಗ್ಯಾಸ್ಕೆಟ್. ಕಲಿತವರು ಹಾಗನ್ನಲಿ, ಗ್ಯಾರೇಜಿನಲ್ಲಿ ಅದು ಪ್ಯಾಕಿಂಗು. ಅದು ಕೂದಲೆಳೆಯಷ್ಟು ಬಿಟ್ಟುಕೊಂಡರೂ ಸಾಕು, ಮುಂಜಾನೆ ತಣ್ಣಗಿದ್ದ ಗಾಡಿ ಚಾಲೂ ಮಾಡಿದಾಗ ಟಿಕ್ ಟಿಕ್ ಅಂತ ಸಪ್ಪಳ ಬರುತ್ತದೆ. ಕಬ್ಬಿಣ ಕಾದು ಹಿಗ್ಗಿದರೆ ಸಪ್ಪಳ ಅಡಗುತ್ತದೆ, ಮಾಲಕ 'ಸರಿಹೋಯ್ತು ಬಿಡು' ಅಂತ ಹೊರಡುತ್ತಾನೆ. ಎಲ್ಲಿಯ ಸರಿ? ಹೊಗೆ ಬಾನೆಟ್ಟಿನ ಕೆಳಗೇ ಸುತ್ತಾಡಿ, ಗಾಡಿಯೊಳಗೆ ನುಸುಳಿ, ಕೂತವರ ತಲೆ ಹಿಡಿಯುತ್ತದೆ. ಒಮ್ಮೆ ಯಲವಿಗಿಯಲ್ಲಿ ಬೀಗರ ಮದುವೆಗೆ ಹೋಗಿದ್ದ ಮೈಲಾರಿ, ಬ್ಯಾಂಡಿನ ಗದ್ದಲದಲ್ಲೂ ಮದುಮಗನ ಕಾರಿನ ಟಿಕ್ ಟಿಕ್ ಹಿಡಿದು, ಮೆರವಣಿಗೆಗೆ ಅಡ್ಡ ನಿಂತು ಬಾನೆಟ್ ಎತ್ತಿಸಿಬಿಟ್ಟ. ಮುಹೂರ್ತ ಮೀರತೈತಿ ಅಂತ ಮದುಮಗನ ಸೋದರಮಾವ ಬೈದರೆ, "ಮುಹೂರ್ತ ಮೀರಿದ್ರ ಇನ್ನೊಂದ ಸಿಗತೈತ್ರಿ, ಮದುಮಗ ಎಚ್ಚರ ತಪ್ಪಿದ್ರ ಇನ್ನೊಬ್ಬನ್ನ ಎಲ್ಲಿಂದ ತರ್ತೀರಿ?" ಅಂದನಂತೆ. ಆ ಬೀಗರು ಇವತ್ತಿಗೂ ಅವನನ್ನು ಮಾತಾಡಿಸುವುದಿಲ್ಲ.

ಈ ವಿದ್ಯೆ ಅವನು ಕಲಿತದ್ದು ಸವಣೂರಿನಲ್ಲಿ, ಒಬ್ಬ ಉಸ್ತಾದರ ಕೈಕೆಳಗೆ. ಉಸ್ತಾದರು ಈಗಿಲ್ಲ. ಅವರು ಕಲಿಸಿದ ಕ್ರಮವನ್ನು ಮಾತ್ರ ಮೈಲಾರಿ ಒಂದು ಕೂದಲೂ ಆಚೀಚೆ ಮಾಡಿದವನಲ್ಲ. ಹಳೆಯ ಪ್ಯಾಕಿಂಗಿನ ಚೂರು ಒಂದೂ ಉಳಿಯದಂತೆ ಬ್ಲೇಡಿನಿಂದ ಕೆರೆಯಬೇಕು. ಕಬ್ಬಿಣದ ಮುಖಕ್ಕೆ ಉಕ್ಕಿನ ಪಟ್ಟಿ ಆನಿಸಿ, ಕೆಳಗೆ ಬೆಳಕು ತೂರುತ್ತದೇನು ನೋಡಬೇಕು. ನಟ್ಟುಗಳನ್ನು ನಡುವಿನಿಂದ ಶುರುಮಾಡಿ ಎರಡೂ ಬದಿಗೆ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು, ಜೋರು ಮಾಡಬಾರದು. ಆಮೇಲೆ ಗಾಡಿ ಚಾಲೂ ಮಾಡಿ ಚೆನ್ನಾಗಿ ಕಾಯಿಸಿ, ಪೂರ್ತಿ ಆರಲು ಬಿಟ್ಟು, ಮರುದಿನ ಮುಂಜಾನೆ ಮತ್ತೊಮ್ಮೆ ಬಿಗಿಯಬೇಕು. ಈ ಎರಡನೇ ಬಿಗಿಯನ್ನು ಬಹಳ ಮಂದಿ ನುಂಗಿಬಿಡುತ್ತಾರೆ. ಮೈಲಾರಿ ಅದಕ್ಕಾಗಿ ಎದ್ದ ಕೂಡಲೇ ಬೈಕು ಹತ್ತಿ ಮೂವತ್ತು, ನಲವತ್ತು ಕಿಲೋಮೀಟರ್ ಹೋಗುತ್ತಾನೆ, ಹತ್ತು ನಿಮಿಷ ಕೆಲಸ ಮಾಡಿ ಮುಖ ಸಹ ತೊಳೆಯದೆ ಹೊಳ್ಳಿ ಬರುತ್ತಾನೆ. ಅವನು ಹಾಕಿದ ಪ್ಯಾಕಿಂಗು ಸೋರಿತು ಅನ್ನುವ ಮಾತು ಇಪ್ಪತ್ತೆಂಟು ವರ್ಷದಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ.

ಬಂದದ್ದು ಈ ವರ್ಷ. ಅದೂ ಯಾರ ಗಾಡಿ? ಸ್ವಂತ ತಂಗಿಯದು.

ತಂಗಿ ಶೈಲಾ ಹಾನಗಲ್ಲಿನಲ್ಲಿ ಇರುತ್ತಾಳೆ. ಗಂಡ ಹಿರೇಕೆರೂರು ಡಿಪೋದಲ್ಲಿ ಕಂಡಕ್ಟರು, ವಾರಕ್ಕೊಮ್ಮೆ ಮನೆ ಕಾಣುವವನು. ಆಕೆ ಮನೆಯಲ್ಲಿ ಕೂತು ಕೈ ಹೊಸೆಯುವ ಜಾತಿಯಲ್ಲ. ಅಣ್ಣನ ಗ್ಯಾರೇಜಿಗೆ ಬಂದ ಗಾಡಿಗಳ ಮೇಲೆ ಸ್ಟೇರಿಂಗು ಕಲಿತು, ಲೈಸೆನ್ಸು ಮಾಡಿಸಿ, ಹಿರೇಕೆರೂರು ರಸ್ತೆಯಲ್ಲಿ ಹದಿನಾಲ್ಕು ಕಿಲೋಮೀಟರ್ ದೂರದ ಶಾಲೆಗೆ ಎರಡು ಟ್ರಿಪ್ಪಿನಲ್ಲಿ ಹನ್ನೊಂದು ಮಕ್ಕಳನ್ನು ಬಿಟ್ಟು ಬರುವ ಕೆಲಸ ಹಿಡಿದಳು. ಗಾಡಿ ಹುಡುಕಿಕೊಟ್ಟವನು ಮೈಲಾರಿಯೇ. ಚಿಕ್ಕೇರೂರಿನ ರೈತರೊಬ್ಬರ ಕೊಟ್ಟಿಗೆಯಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಎಂಟು ಸೀಟಿನ ಹಳೇ ಕಾರನ್ನು ತಂದು, ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿ, ಕೀಲಿ ಕೊಡುವಾಗ, "ಗಾಡಿ ಚಿಂತಿ ನಿನಗ ಬ್ಯಾಡ, ಅದಕ್ಕ ನಾನ ಜವಾಬ್ದಾರ" ಅಂತ ಎಲ್ಲರೆದುರು ಹೇಳಿದ್ದ.

ಜೂನಿನಲ್ಲಿ ಶಾಲೆ ತೆರೆದ ಎರಡನೇ ವಾರಕ್ಕೆ ಟಿಕ್ ಟಿಕ್ ಶುರುವಾಯಿತು. ಹಳೇ ಗಾಡಿ, ಹಳೇ ಪ್ಯಾಕಿಂಗು, ಆಗತೈತಿ ಅಂತ ಮೈಲಾರಿ ಹೋಗಿ ಹೊಸದು ಹಾಕಿ ಬಂದ. ಜುಲೈನಲ್ಲಿ ಮತ್ತೆ ಸಪ್ಪಳ. ಪಟ್ಟಿ ಆನಿಸಿ ನೋಡಿದರೆ ಕಬ್ಬಿಣದ ಮುಖವೇ ಡೊಂಕಾಗಿತ್ತು. ಅದನ್ನು ಬಿಚ್ಚಿ ಸವಣೂರಿನ ಲೇತ್ ಅಂಗಡಿಗೆ ಒಯ್ದು, ಸಪಾಟು ಮಾಡಿಸಿ ತಂದು, ಎರಡನೆಯದು ಹಾಕಿದ. ಮೂರು ವಾರಕ್ಕೆ ಮತ್ತೆ ಅದೇ ರಾಗ. ಪಟ್ಟಿ ಆನಿಸಿದರೆ ಮುಖ ಸಪಾಟೇ ಕಂಡಿತು, ಹಾಗಾಗಿ ಈ ಸಲ ಕಂಪನಿ ಪ್ಯಾಕಿಂಗು ತರಿಸಿ, ಹೊಸ ಸ್ಟಡ್ಡು, ಹೊಸ ನಟ್ಟು ಹಾಕಿದ. ಸೈಲೆನ್ಸರ್ ಕೊಳವೆ ಜೋತುಬಿದ್ದು ಮುಂದಿನದನ್ನು ಎಳೆಯುತ್ತಿರಬಹುದು ಅಂತ ಅದನ್ನು ಹಿಡಿದಿರುವ ರಬ್ಬರುಗಳನ್ನೂ ಬದಲಿಸಿದ. ಮೂರೂ ಸಲ ಮರುದಿನ ಮುಂಜಾನೆ ಆರಕ್ಕೆ ಬಂದು ಎರಡನೇ ಬಿಗಿ ಮಾಡಿದ. "ಚಹಾ ಕುಡದ ಹೋಗೋ" ಅಂತ ಅವ್ವ ಒಳಗಿಂದ ಕರೆಯುವಷ್ಟರಲ್ಲಿ ಬೈಕು ಓಣಿ ದಾಟಿರುತ್ತಿತ್ತು.

ಅವ್ವ ಅಂದರೆ ಅನ್ನವ್ವ. ಎಪ್ಪತ್ತೆಂಟು ವರ್ಷ, ಹಿರೇಬೆಂಡಿಗೇರಿಯಲ್ಲಿ ಎತ್ತು, ಹೊಲ ಅಂತ ಬಾಳುವೆ ಸವೆಸಿದ ಜೀವ. ಮಗನ ಮನೆಯಲ್ಲಿ ಎರಡು ತಿಂಗಳಿದ್ದು, "ನಿಮ್ಮ ಮನ್ಯಾಗ ಮಾತಾಡಾಕ ಮಂದಿ ಇಲ್ಲ, ಬರೇ ನಟ್ಟು ತಿರುವೋ ಪಾನಾ ಅದಾವ" ಅಂದು ಗಂಟು ಕಟ್ಟಿಕೊಂಡು ಮಗಳ ಮನೆಗೆ ಹೊರಟುಬಂದವಳು. ಮೈಲಾರಿಗೆ ಆಗ ಸಿಟ್ಟು ಬಂದಿತ್ತು. ಸಿಟ್ಟು ಅವನಿಗೆ ಬೇಗ ಬರುತ್ತದೆ, ಬೇಗ ಹೋಗುತ್ತದೆ, ಯಾಕೆಂದರೆ ಅದನ್ನು ಇಟ್ಟುಕೊಂಡು ಕೂಡಲಿಕ್ಕೂ ಅವನಿಗೆ ಪುರಸತ್ತಿಲ್ಲ.

ಆಗಸ್ಟಿನ ಒಂದು ಬುಧವಾರ ಮಾಹೀರಾ ಅನ್ನುವ ಎಂಟು ವರ್ಷದ ಹುಡುಗಿ ಗಾಡಿಯಲ್ಲೇ ವಾಂತಿ ಮಾಡಿಕೊಂಡಳು. ಮಳೆಯೆಂದು ಕಿಟಕಿ ಏರಿಸಿದ್ದರು. ಇಳಿದಾಗ ಮಗು ತೂರಾಡುತ್ತಿತ್ತು. ಇನ್ನಿಬ್ಬರು ತಲೆನೋವು ಅಂತ ತರಗತಿಯಲ್ಲಿ ಮಲಗಿಬಿಟ್ಟರು. ಸಂಜೆ ಮಾಹೀರಾಳ ತಾಯಿ ಸುಹಾನಾ, ಹೊಲಿಗೆ ಕೆಲಸ ಮಾಡುವಾಕೆ, ಇನ್ನೂ ನಾಲ್ಕು ಮನೆಯವರನ್ನು ಕರೆದುಕೊಂಡು ಶೈಲಾಳ ಬಾಗಿಲಿಗೆ ಬಂದಳು. ಜಗಳಕ್ಕೇನೂ ಬಂದಿರಲಿಲ್ಲ. "ಅಕ್ಕಾ, ರವಿವಾರ ಎಲ್ಲಾರೂ ಬರ್ತೇವಿ. ಗಾಡಿ ಯಾಕ ಹಿಂಗ ಮಾಡಾಕತ್ತೈತಿ ಅಂತ ನಮಗ ತಿಳಿಯಂಗ ಹೇಳ್ರಿ. ತಿಳೀಲಿಲ್ಲ ಅಂದ್ರ ನಾವು ಬ್ಯಾರೆ ಗಾಡಿ ನೋಡ್ತೇವಿ" ಅಂದಳು.

ಶೈಲಾ ಫೋನಿನಲ್ಲಿ ಅತ್ತಳು. "ಅಣ್ಣಾ, ಈ ಗಾಡಿ ಹೋದ್ರ ನಾ ಮತ್ತ ಮೂಲಿ ಹಿಡೀಬೇಕು. ಅದೂ ಹೋಗ್ಲಿ, ಆ ಹುಡುಗಿಗೆ ಏನಾರ ಆಗಿದ್ರ?" ಅಂದಳು. ಆ ರಾತ್ರಿ ಮೈಲಾರಿ ಹಾಸಿಗೆಯಲ್ಲಿ ಮಗ್ಗಲು ಬದಲಿಸಿ ಬದಲಿಸಿ ನಾಗವ್ವನ ನಿದ್ದೆಯನ್ನೂ ಕೆಡಿಸಿದ.

ಗುರುವಾರ ಬಿಚ್ಚಿ ನೋಡಿದರೆ ಮುಖ ಮತ್ತೆ ಡೊಂಕು. ಪಟ್ಟಿಯ ಕೆಳಗೆ ಬ್ಲೇಡು ಸರಾಗ ತೂರಿತು. ಒಂದೇ ತಿಂಗಳ ಹಿಂದೆ ಸಪಾಟು ಮಾಡಿಸಿದ ಬೀಡು ತಾನಾಗಿ ಸೊಟ್ಟಾಗುವುದುಂಟೇ? ಅವನಿಗೆ ಕಬ್ಬಿಣದ ಮೇಲೆ ಸಿಟ್ಟು ಬಂತು, ಲೇತಿನವನ ಮೇಲೆ ಬಂತು, ಕಡೆಗೆ ತನ್ನ ಕೈಗಳ ಮೇಲೇ ಬಂತು. ಇಪ್ಪತ್ತೆಂಟು ವರ್ಷದ ಹೆಸರು ಮೂರು ತಿಂಗಳಲ್ಲಿ ನೀರು ಪಾಲಾಗುವ ಹೊತ್ತು. ಮ್ಯಾನಿಫೋಲ್ಡನ್ನೂ ಕೆಟ್ಟ ಪ್ಯಾಕಿಂಗನ್ನೂ ಗೋಣಿಚೀಲದಲ್ಲಿ ಕಟ್ಟಿಕೊಂಡು ಶುಕ್ರವಾರ ಸವಣೂರಿಗೆ ಹೊರಟ. ಬಂಕಾಪುರದ ಹತ್ತಿರ ಬೈಕು ನಿಲ್ಲಿಸಿ, ಚೀಲ ಬಿಚ್ಚಿ, ಕಬ್ಬಿಣವನ್ನು ಇನ್ನೊಮ್ಮೆ ನೋಡಿ ಮತ್ತೆ ಕಟ್ಟಿದ. ನೋಡಿದರೆ ಏನು ತಿಳಿಯುತ್ತಿತ್ತೋ ಅವನಿಗೇ ಗೊತ್ತು.

ಲೇತಿಗೆ ಕೊಟ್ಟು, ಅಲ್ಲಿಂದ ಉಸ್ತಾದರ ಮನೆಗೆ ನಡೆದ. ಉಸ್ತಾದರ ಹೆಂಡತಿ ಮಾಬೂಬಿ ಬಾಗಿಲ ಹೊರಗೆ ವೀಳ್ಯದೆಲೆ ಒರೆಸುತ್ತ ಕೂತಿದ್ದಳು. ಮೂವತ್ತು ವರ್ಷ ಗಂಡನ ಗ್ಯಾರೇಜಿಗೆ ಹಾಳೆ ಇಟ್ಟು, ಸುತ್ತಿಗೆಯಿಂದ ಬಡಿದು, ಅಚ್ಚು ಮೂಡಿಸಿ, ಕತ್ತರಿಯಿಂದ ಪ್ಯಾಕಿಂಗು ಕತ್ತರಿಸಿಕೊಟ್ಟಾಕೆ. ಕೆಟ್ಟ ಪ್ಯಾಕಿಂಗು ನೋಡಿ ಗಾಡಿಯ ಕಥೆ ಹೇಳುವ ಕಣ್ಣು ಆಕೆಯದು. ಮೈಲಾರಿ ಕೊಟ್ಟದ್ದನ್ನು ಬಿಸಿಲಿಗೆ ಹಿಡಿದಳು, ಉಗುರಿನಿಂದ ಕೆರೆದಳು, ಆಮೇಲೆ ನಾಲಿಗೆಯ ತುದಿಗೆ ಹಚ್ಚಿ ನೋಡಿದಳು.

"ಕರೀದು ಮಸಿ. ಅದು ಸೋರಿದ್ದು. ಈ ಅಂಚಿನ ಬಿಳೀದು ಏನು?"

"ಮಳಿ ನೀರು ಇರಬೇಕಮ್ಮಾ."

"ಮಳಿ ನೀರು ಕಲಿ ಬಿಡಂಗಿಲ್ಲೋ ಹುಚ್ಚಪ್ಪಾ. ಇದು ಬೋರಿನ ಸವಳ ನೀರು. ಹಂಡೇದ ತಳಕ್ಕ ಕಟ್ಟತೈತಲ್ಲ, ಅದು. ಒಂದ ದಿನದ್ದಲ್ಲ, ದಿನಾ ಬಿದ್ದೈತಿ. ಕಾದ ಬೀಡಿನ ಮ್ಯಾಲ ಬಿದ್ದೈತಿ, ಅದಕ್ಕ ಸೊಟ್ಟ ಆಗೈತಿ."

"ಎಂಜಿನ್ ಮ್ಯಾಲ ದಿನಾ ನೀರು ಯಾರ ಹಾಕ್ತಾರಮ್ಮಾ?"

"ಅದನ್ನ ನೀ ನೋಡಬೇಕು. ಗಾಡಿ ಓಡೂದನ್ನ ನೋಡ್ತಿ ನೀನು. ನಿಂತ ಮ್ಯಾಲ ಏನಾಕೈತಿ ಅಂತ ಒಂದ ದಿನ ಕುಂತು ನೋಡು." ಎಲೆಗೆ ಸುಣ್ಣ ಹಚ್ಚಿ ಅವನ ಕೈಗಿಟ್ಟಳು. ಮೈಲಾರಿ ಅದನ್ನು ಜಗಿಯುತ್ತ ನಿಂತೇ ಇದ್ದ.

ಶುಕ್ರವಾರ ಸಂಜೆ ನಾಲ್ಕನೇ ಪ್ಯಾಕಿಂಗು ಹಾಕಿ, ಗಾಡಿ ಕಾಯಿಸಿ ಬಂದ. ಶನಿವಾರ ಆರಕ್ಕೆ ಮತ್ತೆ ಹಾನಗಲ್ಲು, ಎರಡನೇ ಬಿಗಿ. ಆರೂವರೆಗೆ ಶೈಲಾ ಚಾಲೂ ಮಾಡಿದಳು. ಸಪ್ಪಳವಿಲ್ಲ. ಬರಲು ಒಪ್ಪಿದ ಐದು ಮಕ್ಕಳನ್ನು ಹತ್ತಿಸಿಕೊಂಡು, ಕಿಟಕಿಗಳನ್ನೆಲ್ಲ ಇಳಿಸಿ ಹೊರಟಳು. ಮೈಲಾರಿ ಬೈಕಿನ ಕಡೆ ಎರಡು ಹೆಜ್ಜೆ ಹಾಕಿದವನು ಹೊಳ್ಳಿ ಬಂದು ಕಟ್ಟೆಯ ಮೇಲೆ ಕುಕ್ಕರಿಸಿದ.

ಕೂಡುವುದು ಅಂದರೆ ಅವನಿಗೆ ಶಿಕ್ಷೆ ನೋಡ್ರಿ. ಐದು ನಿಮಿಷಕ್ಕೆ ಕಾಲು ಅಲ್ಲಾಡಿಸತೊಡಗಿದ. ಎದ್ದು ನಲ್ಲಿ ಬಿಗಿ ಮಾಡಿದ. ಬಾಗಿಲ ಕೀಲಿಗೆ ಎಣ್ಣೆ ಬಿಟ್ಟ. ಪಕ್ಕದ ಮನೆಯವರ ಸೈಕಲ್ಲಿಗೆ ಬ್ರೇಕು ಸರಿಮಾಡಿಕೊಟ್ಟ, ಅವರು ಕೇಳಿರಲಿಲ್ಲ. ಶಿಗ್ಗಾಂವಿಯಿಂದ ಆರು ಫೋನು ಬಂದವು. ಸವಳ ನೀರು ಹಾಕುವವನು ಯಾರಿರಬಹುದು ಅಂತ ಒಬ್ಬೊಬ್ಬರನ್ನೇ ಅನುಮಾನಿಸಿದ. ಶಾಲೆಯ ಹತ್ತಿರ ಯಾರೋ ತೊಳೆಯುತ್ತಿರಬಹುದು. ಈ ಟ್ರಿಪ್ಪಿನ ಮೇಲೆ ಕಣ್ಣಿಟ್ಟ ಇನ್ನೊಬ್ಬ ಡ್ರೈವರು ಕಳ್ಳತನದಿಂದ ಮಾಡುತ್ತಿರಬಹುದು. ಸಿಕ್ಕರೆ ಏನು ಮಾಡಬೇಕು ಅನ್ನುವುದನ್ನೂ ಯೋಚಿಸಿಟ್ಟುಕೊಂಡ. ಅನ್ನವ್ವ ಚಹಾ ತಂದಿಟ್ಟು, ಮಗ ಕೂತದ್ದನ್ನು ಕಂಡು ಬೆರಗಾಗಿ, "ಮೈಯಾಗ ಆರಾಮ ಐತಿಲ್ಲೋ?" ಅಂತ ಹಣೆ ಮುಟ್ಟಿ ನೋಡಿದಳು.

ಎಂಟೂವರೆಗೆ ಗಾಡಿ ಬಂತು. ಶೈಲಾ ದಿನದಂತೆ ಎಂಜಿನ್ನಿಗೆ ಗಾಳಿಯಾಡಲಿ ಅಂತ ಬಾನೆಟ್ ಎತ್ತಿ ನಿಲ್ಲಿಸಿ, ಸ್ನಾನಕ್ಕೆ ಒಳಗೆ ಹೋದಳು. ಮೈಲಾರಿ ಗೋಡೆಯ ಮರೆಗೆ ಸರಿದ. ಎರಡು ನಿಮಿಷ ಯಾರೂ ಬರಲಿಲ್ಲ. ಆಮೇಲೆ ಹಿತ್ತಲ ಕಡೆಯಿಂದ ಅನ್ನವ್ವ ಬಂದಳು, ಸೊಂಟದ ಮೇಲೆ ತುಂಬಿದ ಕೊಡ. ಗಾಡಿಯ ಮೂತಿ ಸವರಿದಳು. "ದಣದೀ ನನ್ನಪ್ಪಾ, ಎಷ್ಟ ದೂರ ಹೋಗಿ ಬಂದೀ" ಅಂತ ಕೊಡ ಎತ್ತಿದಳು.

"ಅವ್ವಾ!"

ಓಣಿಗೆಲ್ಲ ಕೇಳುವಂತೆ ಕೂಗಿಬಿಟ್ಟ. ಕೊಡ ಕೈಜಾರಿ ಅಂಗಳಕ್ಕೆ ಬಿತ್ತು, ನೀರು ಚರಂಡಿಯ ಕಡೆ ಹರಿಯಿತು.

"ಯಾಕೋ? ಏನಾತೋ?"

"ಏನ ಮಾಡಾಕತ್ತೀಬೇ?"

"ನೀರು ಹಾಕಾಕತ್ತೇನಿ. ದಿನಾ ಹಾಕ್ತೇನಿ. ಮುಟ್ಟಿ ನೋಡು, ಜ್ವರ ಬಂದಂಗ ಆಗೈತಿ. ಎತ್ತು ದುಡದು ಬಂದ್ರ ಮೈ ತೊಳೀದ ಕಟ್ಟೂದುಂಟೇನು?"

ಯಾರ್ಯಾರಿಗೋ ಅಂತ ಮೈಲಾರಿ ತೆಗೆದಿಟ್ಟುಕೊಂಡಿದ್ದ ಸಿಟ್ಟೆಲ್ಲ ಬಾಯಿಗೆ ಬಂತು. "ಹಂಗಾರ ಮೂರ ತಿಂಗಳಿಂದ ಗಾಡಿ ಕೆಡಿಸಿದಾಕಿ ನೀನ ಏನು?" ಅಂದುಬಿಟ್ಟ. ಅಂದ ಮೇಲೆ ಮುದುಕಿಯ ಮುಖ ನೋಡಿದ. ಆಕೆಗೆ ಮಾತು ಪೂರ್ತಿ ಅರ್ಥವಾಗಿರಲಿಲ್ಲ, ತಾನೇನೋ ದೊಡ್ಡ ತಪ್ಪು ಮಾಡಿದ್ದೇನೆ ಅನ್ನುವುದಷ್ಟು ತಿಳಿದಿತ್ತು. ಮೈಲಾರಿಗೆ ತನ್ನ ನಾಲಿಗೆ ಕಿತ್ತುಕೊಳ್ಳುವಷ್ಟು ನಾಚಿಕೆಯಾಯಿತು. "ಏನಿಲ್ಲ ಬಿಡು. ಇನ್ನ ಮ್ಯಾಲ ಹಾಕಬ್ಯಾಡ" ಅಂದು ಕೊಡ ಎತ್ತಿಟ್ಟ. ಸಪ್ಪಳ ಕೇಳಿ ಹೊರಗೆ ಬಂದ ಶೈಲಾ ಎಲ್ಲ ತಿಳಿದುಕೊಂಡಳು. ಮಧ್ಯಾಹ್ನ ಅವ್ವನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಕಾದ ಬೀಡಿಗೆ ನೀರು ಬಿದ್ದರೆ ಏನಾಗುತ್ತದೆ, ಹೊಗೆ ಯಾಕೆ ಒಳಗೆ ಬರುತ್ತದೆ, ಮಾಹೀರಾಗೆ ಯಾಕೆ ವಾಂತಿಯಾಯಿತು ಅಂತ ಮೆಲ್ಲಗೆ ಹೇಳಿದಳು. ಅನ್ನವ್ವ ಆ ದಿನ ಉಣ್ಣಲಿಲ್ಲ.

ರವಿವಾರ ಮುಂಜಾನೆ ಹನ್ನೊಂದು ಮಕ್ಕಳ ಮನೆಯವರೂ ಬಂದರು. ಅಂಗಳದಲ್ಲಿ ಗಾಡಿ, ಅದರ ಸುತ್ತ ಮಂದಿ. ಮೈಲಾರಿ ನಿದ್ದೆಗೆಟ್ಟ ಕಣ್ಣಿನಿಂದ ಬಂದಿದ್ದ. ದಾರಿಯುದ್ದಕ್ಕೂ ಅವನು ಲೆಕ್ಕ ಹಾಕಿದ್ದು ಇಷ್ಟೇ. ನಿಜ ಹೇಳಿದರೆ, ಮನೆಯ ಮುದುಕಿ ಮಕ್ಕಳಿಗೆ ಹೊಗೆ ಕುಡಿಸಿದಳು ಅಂತ ಹಾನಗಲ್ಲಿನ ಓಣಿಓಣಿಯಲ್ಲಿ ಮಾತು ಹುಟ್ಟುತ್ತದೆ. ಆಕೆ ಇನ್ನು ಹೊರಗೆ ಮುಖ ತೋರಿಸುವಂತಿಲ್ಲ. ಹೇಳದಿದ್ದರೆ ತಂಗಿಯ ಕೆಲಸ ಹೋಗುತ್ತದೆ. ಉಳಿದದ್ದು ತನ್ನ ಹೆಸರು. ಅದನ್ನು ಕೊಡಬಹುದಿತ್ತು.

ತಣ್ಣಗಿದ್ದ ಗಾಡಿಯನ್ನು ಚಾಲೂ ಮಾಡಿಸಿದ. ಎಲ್ಲರೂ ಕಿವಿಗೊಟ್ಟರು. ಟಿಕ್ ಅನ್ನಲಿಲ್ಲ. ಬಂದ್ ಮಾಡಿಸಿ ಹೇಳಿದ: "ನೋಡ್ರಿ, ತಪ್ಪು ನಂದ. ನಟ್ಟು ಸರಿಯಾಗಿ ಬಿಗಿ ಮಾಡಿದ್ದಿಲ್ಲ ನಾನು. ಅವಸರ ಮಾಡಿದೆ. ಈಗ ಸರಿ ಮಾಡೇನಿ. ಇನ್ನ ಸೋರಂಗಿಲ್ಲ."

ಮದುಮಗನ ಕಾರು ನಿಲ್ಲಿಸಿದ ಬಾಯಿ ಈ ಮಾತು ಆಡಿತು ಅಂದರೆ ಶಿಗ್ಗಾಂವಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಹಿಂದೆ ನಿಂತವರೊಬ್ಬರು, "ಮೂರ ಸಲಾನೂ ಬಿಗಿ ಮಾಡಿದ್ದಿಲ್ಲೇನ್ರಿ? ಎಂಥಾ ಮೇಸ್ತ್ರಿ ನೀವು?" ಅಂದರು. ಮೈಲಾರಿ ನೆಲ ನೋಡುತ್ತ ನಿಂತ. ಕಿವಿಯ ತುದಿ ಕೆಂಪಾಗಿತ್ತು.

"ಸುಳ್ಳ ಹೇಳಾಕತ್ತಾನ."

ಬಾಗಿಲಲ್ಲಿ ಅನ್ನವ್ವ ನಿಂತಿದ್ದಳು. ಶೈಲಾ ಕೈ ಹಿಡಿಯಲು ಹೋದರೆ ಬಿಡಿಸಿಕೊಂಡು ಮೆಟ್ಟಿಲಿಳಿದು ಬಂದಳು. "ಅಂವಾ ಸರಿಯಾಗೇ ಬಿಗದಾನ. ಗಾಡಿ ಕಾದು ಬಂದಾಗ ಕೊಡಗಟ್ಲೆ ತಣ್ಣೀರು ಹೊಯ್ದಾಕಿ ನಾನು. ಅದಕ್ಕ ಕಬ್ಬಿಣ ಸೊಟ್ಟ ಆಗೈತಿ, ನಿಮ್ಮ ಹುಡುಗೂರಿಗೆ ತ್ರಾಸ ಆಗೈತಿ. ಬೈಯೂದಿದ್ರ ನನಗ ಬೈರಿ."

ಯಾರೂ ಬೈಯಲಿಲ್ಲ. ಸುಹಾನಾ ಕೇಳಿದಳು: "ಅಲ್ರಿ ಅಮ್ಮಾ, ಕಾದ ಹಂಚಿಗೆ ತಣ್ಣೀರು ಹಾಕಿದ್ರ ಸೀಳತೈತಿ ಅಂತ ನಿಮಗ ಗೊತ್ತಿಲ್ಲೇನ್ರಿ?"

"ಗೊತ್ತಿಲ್ದ ಏನವ್ವಾ? ಅರವತ್ತ ವರ್ಷ ರೊಟ್ಟಿ ಬಡದೇನಿ. ನಾ ಇದನ್ನ ಎತ್ತು ಅಂತ ತಿಳದಿದ್ದೆ. ಇದು ಹಂಚು ಅಂತ ನನಗ ಯಾರು ಹೇಳಿದ್ರು?" ಅನ್ನವ್ವ ಮಗನ ಕಡೆ ತಿರುಗಲಿಲ್ಲ, ಸುಹಾನಾಳಿಗೇ ಹೇಳಿದಳು. "ಇಂವಾ ಮೂರ ಸಲ ಬಂದ. ಗಾಡೀನ ಮಾತಾಡಿಸಿ ಹೋದ. ನನ್ನ ಒಂದ ಸಲ ಮಾತಾಡಿಸಿದ್ರ ನಾನ ಹೇಳತಿದ್ನಲ್ಲವ್ವಾ, ದಿನಾ ನೀರು ಹಾಕ್ತೇನಿ ಅಂತ."

ಮೈಲಾರಲಿಂಗ ಕೈಯಲ್ಲಿದ್ದ ಪಾನಾವನ್ನು ಮೆಲ್ಲಗೆ ಕೆಳಗಿಟ್ಟ.

ಸುಹಾನಾ ಸೆರಗು ಸರಿಮಾಡಿಕೊಂಡಳು. "ಆತು ಬಿಡ್ರಿ. ತಿಳೀತು. ಶೈಲಾ ಅಕ್ಕಾ, ನಾಳಿ ಏಳಕ್ಕ ಮಾಹೀರಾನ್ನ ನಿಲ್ಲಸ್ತೇನಿ. ಕಿಟಕಿ ಮಾತ್ರ ಒಂದ ಬೆರಳಷ್ಟು ಇಳಿಸೇ ಇಡ್ರಿ" ಅಂದಳು. ಆಕೆಯ ಹಿಂದೆ ಇನ್ನೊಬ್ಬರು ಹೂಂ ಅಂದರು, ಮತ್ತೊಬ್ಬರು ಅಂದರು. ಎರಡು ಮನೆಯವರು ಮಾತ್ರ ಏನೂ ಹೇಳದೆ ಹೊರಟರು. ಅಂಗಳ ಖಾಲಿಯಾಯಿತು.

ಶಿಗ್ಗಾಂವಿಯಿಂದ ಫೋನು ಹೊಡೆದುಕೊಂಡಿತು. ಮೈಲಾರಿ ಹೆಸರು ನೋಡಿ ಕಿಸೆಗೆ ಹಾಕಿಕೊಂಡ. ಒಳಗೆ ಹೋಗಿ, ಅವ್ವ ಕೂತಿದ್ದ ಚಾಪೆಯ ಇನ್ನೊಂದು ತುದಿಯಲ್ಲಿ ಕೂತ. ಗಾಡಿಯದ್ದೇ ಏನೋ ಶುರುಮಾಡಿ ಅರ್ಧಕ್ಕೆ ಬಿಟ್ಟ. ಕಡೆಗೆ ಅನ್ನವ್ವನೇ, "ನಾಗವ್ವ ಹೆಂಗ ಅದಾಳ?" ಅಂತ ಕೇಳಿದಳು. ಅವನು ಹೇಳತೊಡಗಿದ.